ಮಾವನ ಮನೆಯ ಲಂಗರು

ರಾಜನ ಅಷ್ಟು ದೊಡ್ಡ ನೌಕಾಪಡೆ ಇಂಗ್ಲೆಂಡಿನ ಮೇಲೆ ದಂಡೆತ್ತಿ ಹೋಗಿ ಬರಿಗೈಯಲ್ಲಿ ಬಂದದ್ದು ಯಾಕೆ ಅಂತ ಮುತ್ರಿಕು ಊರಿನಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪಾದ್ರಿಗಳು ನಮ್ಮ ಪಾಪ ಅನ್ನುತ್ತಾರೆ. ಕಾಲು ಕಳೆದುಕೊಂಡು ಬಂದ ಸಿಪಾಯಿಗಳು ಗಾಳಿ ಅನ್ನುತ್ತಾರೆ. ಮನೆ ಬಿಟ್ಟು ಕದಲದೆ ಇದ್ದವರು ಸೇನಾಪತಿಯೇ ಸರಿಯಿರಲಿಲ್ಲ ಅನ್ನುತ್ತಾರೆ. ಒಚೋವಾನ ಮುಂದೆ ಮಾತ್ರ ಇದು ಯಾವುದನ್ನೂ ಹೇಳಬಾರದು. ಹೇಳಿದರೆ ಕೈಯಲ್ಲಿರುವ ಸೇಬಿನ ಹೆಂಡದ ಲೋಟವನ್ನು ಮೇಜಿನ ಮೇಲೆ ಕುಕ್ಕಿ, “ಪೀಪಾಯಿ” ಅನ್ನುತ್ತಾನೆ. ಆಮೇಲೆ ಬಾಯಿ ಬಿಡುವುದಿಲ್ಲ. ಕೇಳಿದವನಿಗೆ ಅರ್ಥವಾಗದಿದ್ದರೆ ಅದು ಅವನ ಹಣೆಬರಹ.

ಒಚೋವಾ ‘ಸಾನ್ ಪ್ರುದೆನ್ಸಿಯೊ’ ಹಡಗಿನ ಯಜಮಾನ. ನಡೆಸುವವನೂ ಅವನೇ, ಒಡೆಯನೂ ಅವನೇ. ಅವನ ಅಜ್ಜ ಬೆಳೆಸಿದ ಓಕ್ ಮರಗಳೆಲ್ಲ ಆ ಹಡಗಿಗೆ ಹೋದವು. ಮೊಳೆ, ಬಳೆ, ಪಟ್ಟಿ, ಎಲ್ಲ ಕಬ್ಬಿಣವೂ ಅವನ ಮಾವ ಮಚೀನನ ಕುಲುಮೆಯಿಂದ ಬಂತು. ಮಗಳು ದೊಮೆಂಜಾಳನ್ನು ಕೊಡುವಾಗ ಮಚೀನ್ ಬಟ್ಟೆಬರೆ ಕೊಡಲಿಲ್ಲ, ಹಸು ಕೊಡಲಿಲ್ಲ. ಒಂದು ಲಂಗರು ಕೊಟ್ಟ. ಆಳಿಗಿಂತ ಎತ್ತರದ ಲಂಗರು. ಮದುವೆಯ ದಿನ ಅದನ್ನು ಎತ್ತಿನ ಗಾಡಿಯಲ್ಲಿ ಹೇರಿ, ಪಕ್ಕದಲ್ಲಿ ಮದುಮಗಳನ್ನು ಕೂರಿಸಿ, ಕುಲುಮೆಯಿಂದ ಚರ್ಚಿನವರೆಗೆ ಮೆರವಣಿಗೆ ಮಾಡಿಸಿದ. ಪಾದ್ರಿ ಇಬ್ಬರ ಮೇಲೂ ತೀರ್ಥ ಚಿಮುಕಿಸಿದರು. ಅವತ್ತು ಜನ ತನಗಿಂತ ಲಂಗರನ್ನೇ ಹೆಚ್ಚು ನೋಡಿದರು ಅಂತ ದೊಮೆಂಜಾಳಿಗೆ ಇಂದಿಗೂ ಸಿಟ್ಟು. ಆದರೆ ಆ ಲಂಗರಿನ ಬಗ್ಗೆ ಬೇರೆ ಯಾರಾದರೂ ಹಗುರವಾಗಿ ಮಾತಾಡಿದರೆ ಅದಕ್ಕಿಂತ ದೊಡ್ಡ ಸಿಟ್ಟು.

ರಾಜನ ಕಡೆಯವರು ಬಂದು, ಬಂದರಿನಲ್ಲಿದ್ದ ಒಳ್ಳೆಯ ಹಡಗುಗಳಿಗೆಲ್ಲ ರಾಜಮುದ್ರೆ ಒತ್ತಿದರು. ಕೆಲಸ ಮುಗಿದ ಮೇಲೆ ಹಿಂದಕ್ಕೆ ಕೊಡುತ್ತೇವೆ ಅಂದರು. ಒಚೋವಾ ಹಡಗಿನ ಜೊತೆ ತಾನೂ ಹೊರಟ. ಕೊಟ್ಟ ಹಡಗು ತಾನಾಗಿ ನಡೆದುಕೊಂಡು ವಾಪಸು ಬರುತ್ತದೆಂದು ನಂಬುವಷ್ಟು ದಡ್ಡನಲ್ಲ ಅವನು. ಹಡಗು ಹೋದರೆ ಐವತ್ತರ ಹತ್ತಿರದ ವಯಸ್ಸಿನಲ್ಲಿ ಇನ್ನೊಬ್ಬನ ಹಡಗಿನಲ್ಲಿ ಹಗ್ಗ ಎಳೆಯಬೇಕು. ಇಲ್ಲವೇ ಮಾವನ ಕುಲುಮೆಯಲ್ಲಿ ತಿದಿ ಒತ್ತಬೇಕು. ಎರಡನೆಯದನ್ನು ನೆನೆದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಹೊರಡುವಾಗ ದೊಮೆಂಜಾ ಕಟ್ಟೆಯ ಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಹಡಗು ವಾಪಸ್ ತರ್ತೀಯಾ?”

“ತರ್ತೀನಿ.”

“ಲಂಗರು?”

“ಹಡಗು ಬಂದ್ರೆ ಲಂಗರು ಬರಲ್ವೇನೇ?”

“ನಾನು ಕೇಳಿದ್ದು ಲಂಗರು.”

“ತರ್ತೀನಿ ಮಾರಾಯ್ತಿ.”

“ನಾನು ಬಿಟ್ರೂ ನಮ್ಮಪ್ಪ ಬಿಡಲ್ಲ, ನೆನಪಿರಲಿ” ಅಂದಳು. ಅಲ್ಲಿಗೆ ಬೀಳ್ಕೊಡುಗೆ ಮುಗಿಯಿತು.

ಲಿಸ್ಬನ್ನಿನಲ್ಲಿ ಹಡಗಿಗೆ ಸಿಪಾಯಿಗಳನ್ನು ತುಂಬಿದರು. ಅವರ ನಾಯಕ ದೋನ್ ಗುತಿಯೆರೆ, ಸಮುದ್ರದಿಂದ ಬಹಳ ದೂರದ ಗೋಧಿ ಸೀಮೆಯ ದೊಡ್ಡ ಮನೆತನದವನು. ಹುಟ್ಟಿದ ಮೇಲೆ ಅವನು ನೋಡಿದ್ದ ದೊಡ್ಡ ನೀರೆಂದರೆ ಅವರ ಹಳ್ಳಿಯ ದನ ಕುಡಿಯುವ ಕೊಳ. ರಾಜನ ಹಡಗುಗಳಲ್ಲಿ ಪದ್ಧತಿ ಏನೆಂದರೆ, ಸಿಪಾಯಿಗಳ ನಾಯಕ ಮೇಲು, ಹಡಗಿನ ಯಜಮಾನ ಕೆಳಗೆ. ಹಡಗೆಂದರೆ ಸಿಪಾಯಿಗಳನ್ನು ಹೊತ್ತೊಯ್ಯುವ ಗಾಡಿ, ಖಲಾಸಿಗಳೆಂದರೆ ಗಾಡಿಯ ಎತ್ತು. ಎತ್ತನ್ನು ದಾರಿ ಕೇಳುವವರು ಯಾರು?

ದೋನ್ ಗುತಿಯೆರೆ ಬರುವಾಗ ಒಂದು ಕುರ್ಚಿ, ನಾಲ್ಕಾರು ಪೆಟ್ಟಿಗೆ, ಒಂದು ಫಿರಂಗಿ ತಂದ. ಅದು ಸಮುದ್ರದಲ್ಲಿ ಹಾರಿಸುವ ಫಿರಂಗಿಯಲ್ಲ, ಲಂಡನ್ನಿನ ಕೋಟೆ ಒಡೆಯುವುದಕ್ಕೆಂದು ಎರಕ ಹೊಯ್ದ ಕಂಚಿನ ದೈತ್ಯ. ಬೆನ್ನ ಮೇಲೆ ಎತ್ತುವುದಕ್ಕೆ ಮೀನಿನ ಆಕಾರದ ಎರಡು ಹಿಡಿ, ಪಕ್ಕದಲ್ಲಿ ರಾಜಲಾಂಛನ. ಅದನ್ನು ಲಂಡನ್ನಿಗೆ ಒಯ್ದು, ಮತ್ತೆ ವಾಪಸು ತರುತ್ತೇನೆ ಎಂದು ದೋನ್ ಶಿಲುಬೆ ಮುಟ್ಟಿ ಆಣೆ ಮಾಡಿದ್ದ. ಹಡಗಿನ ಹೊಟ್ಟೆಯಲ್ಲಿ ಪೀಪಾಯಿ ತುಂಬಿ ಜಾಗವಿರಲಿಲ್ಲವಾದ್ದರಿಂದ ಫಿರಂಗಿಯನ್ನು ಮೇಲಿನ ಅಟ್ಟದ ನಟ್ಟನಡುವೆ ಹಗ್ಗ ಬಿಗಿದು ಮಲಗಿಸಿದರು. ಆಚೆ ಹೋಗಬೇಕಾದರೂ ಅದನ್ನು ದಾಟಬೇಕು, ಈಚೆ ಬರಬೇಕಾದರೂ ಅದನ್ನು ದಾಟಬೇಕು.

“ಇದು ಅಟ್ಟದ ಮೇಲಿದ್ರೆ ಹಡಗು ಓಲಾಡತ್ತೆ, ದೊರೆ” ಅಂದ ಒಚೋವಾ.

“ಓಲಾಡದೆ ಇರೋ ಹಡಗು ನೀನು ಯಾವತ್ತಾದ್ರೂ ನೋಡಿದೀಯಾ?” ಅಂದ ದೋನ್. ಒಚೋವಾ ಸಿಟ್ಟಿನಿಂದ ಫಿರಂಗಿಯ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದ.

ಪೀಪಾಯಿಗಳ ವಿಷಯ ಹೀಗೆ. ಹಿಂದಿನ ವರ್ಷ ಆಂಗ್ಲ ಕಡಲುಗಳ್ಳರು ನಮ್ಮ ದಡಕ್ಕೆ ನುಗ್ಗಿ, ಪೀಪಾಯಿಗೆಂದು ಒಣಗಿಸಿಟ್ಟಿದ್ದ ಹಲಗೆಗಳನ್ನು ರಾಶಿ ರಾಶಿ ಸುಟ್ಟು ಹೋಗಿದ್ದರು. ನಮ್ಮವರು ಹೊಸ ಮರ ಕಡಿದು ಹಸಿ ಹಲಗೆಯಲ್ಲೇ ಪೀಪಾಯಿ ಮಾಡಿದರು. ಇದು ಗುಟ್ಟೇನಲ್ಲ. ಮಾಡಿದವನಿಗೂ ಗೊತ್ತಿತ್ತು, ಮಾಡಿಸಿದವನಿಗೂ ಗೊತ್ತಿತ್ತು, ಹೊತ್ತು ತಂದ ಹಮಾಲಿಗೂ ಗೊತ್ತಿತ್ತು. ಮರ ಒಣಗಲು ವರ್ಷಗಟ್ಟಲೆ ಬೇಕು, ರಾಜನಿಗೆ ಅಷ್ಟು ಪುರುಸೊತ್ತಿಲ್ಲ. ಹಾಗಾಗಿ ನೀರು ಸೋರಿತು, ಉಳಿದದ್ದು ಹಸಿರಾಯಿತು, ಒಣ ರೊಟ್ಟಿ ಬೂಸ್ಟು ಹಿಡಿಯಿತು, ಹಂದಿಕೊಬ್ಬು ನಾಯಿ ಮೂಸದ ಹಾಗಾಯಿತು. ದಿನಾ ಬೆಳಗಾದರೆ ಒಚೋವಾ ಕೆಳಗಿಳಿದು ಪೀಪಾಯಿಗಳನ್ನು ಒಂದೊಂದಾಗಿ ಒದ್ದು ಬೈದು ಮೇಲೆ ಬರುತ್ತಿದ್ದ. ಸಿಪಾಯಿಗಳು ಬೆಳಗಿನ ಪ್ರಾರ್ಥನೆ ಮಾಡುತ್ತಾರಲ್ಲ, ಹಾಗೆ.

ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಡಲ ಕಾಲುವೆಗೆ ಬಂದ ಮೇಲೆ ಯುದ್ಧವೂ ಆಯಿತು. ನಮ್ಮ ಸಿಪಾಯಿಗಳ ಯುದ್ಧದ ಕ್ರಮ ತಲೆತಲಾಂತರದ್ದು: ಹಡಗಿನ ಫಿರಂಗಿಗಳನ್ನು ಒಂದು ಸಲ ಹಾರಿಸುವುದು, ಆಮೇಲೆ ಭರ್ಜಿ ಹಿಡಿದು ಅಟ್ಟದ ಮೇಲೆ ಸಾಲಾಗಿ ನಿಲ್ಲುವುದು, ಶತ್ರುವಿನ ಹಡಗು ತಾಗಿದ ಕೂಡಲೇ ಹಾರಿ ಕಡಿಯುವುದು. ಫಿರಂಗಿಗೆ ಎರಡನೇ ಸಲ ಮದ್ದು ತುಂಬುವುದೆಂದರೆ ಸಿಪಾಯಿಗೆ ಪಾತ್ರೆ ತೊಳೆದಷ್ಟೇ ಅವಮಾನ. ಒಂದು ಸಲ ಹಾರಿಸಿದರು, ಕವಚ ತೊಟ್ಟರು, ಮೊಣಕಾಲೂರಿ ದೇವರನ್ನು ನೆನೆದರು, ಭರ್ಜಿ ಹಿಡಿದು ನಿಂತರು. ಆಂಗ್ಲರು ದೂರದಲ್ಲೇ ನಿಂತು ಗುಂಡು ಹೊಡೆದು ಸಂಜೆಗೆ ಹಿಂದೆ ಸರಿದರು. ಮಾರನೆಯ ದಿನ ಮತ್ತೆ ಕವಚ, ಮತ್ತೆ ದೇವರು, ಮತ್ತೆ ಭರ್ಜಿ. ಬಿಸಿಲಿಗೆ ಕವಚ ಕಾದು ಇಬ್ಬರು ಸಿಪಾಯಿಗಳು ಮೂರ್ಛೆ ಬಿದ್ದರು. ಆ ಹಡಗಿನಲ್ಲಿ ಅವತ್ತಿನ ನಷ್ಟ ಅಷ್ಟೇ.

“ಯಾಕೋ ಹತ್ತಿರ ಬರಲ್ಲ ಅವರು? ಗಂಡಸರಲ್ವಾ?” ದೋನ್ ಕಿರುಚಿದ.

“ಅವರ ಹಡಗು ಚುರುಕಾಗಿದೆ, ದೊರೆ. ದೂರದಿಂದಲೇ ಕೆಲಸ ಆಗ್ತಿದೆ. ಹತ್ತಿರ ಬರೋ ದರ್ದು ಅವರಿಗೇನು?”

“ಹಾಗಾದ್ರೆ ನಾವೇ ಹೋಗೋಣ. ಓಡಿಸು.”

“ಈ ಕಂಚಿನ ಎಮ್ಮೆ ಹೊತ್ಕೊಂಡು ಓಡೋಕಾಗಲ್ಲ. ಎತ್ತಿ ನೀರಿಗೆ ಹಾಕ್ಲಾ?”

“ನಿನ್ನ ಲಂಗರು ಹಾಕು ಬೇಕಾದ್ರೆ” ಅಂದ ದೋನ್.

ಒಚೋವಾನ ಮುಖ ಕೆಂಪಾಯಿತು. ಅವನ ಕೈಕೆಳಗಿನ ಮುಖ್ಯ ಖಲಾಸಿ ಪೆರುಚೋ, ಅದೇ ಊರಿನವನು, ಯಜಮಾನನ ತೋಳು ಹಿಡಿದು ಚುಕ್ಕಾಣಿಯ ಕಡೆ ಎಳೆದುಕೊಂಡು ಹೋದ.

ಹೀಗೇ ನೂಕಿಸಿಕೊಂಡು ಹೋಗಿ ಫ್ರಾನ್ಸಿನ ಕ್ಯಾಲೇ ದಡದ ಮುಂದೆ ಲಂಗರು ಹಾಕಿದರು. ಅಲ್ಲಿಂದ ಮುಂದೆ, ಪಕ್ಕದ ಫ್ಲಾಂಡರ್ಸ್ ಸೀಮೆಯಲ್ಲಿದ್ದ ರಾಜನ ಇನ್ನೊಂದು ದಂಡು ದೋಣಿ ಹತ್ತಿ ಬಂದು ಇವರನ್ನು ಸೇರಿಕೊಳ್ಳಬೇಕಿತ್ತು. ದಂಡು ಇನ್ನೂ ಹತ್ತಿಯೇ ಇರಲಿಲ್ಲ. ನೀವು ಬಂದದ್ದು ಗೊತ್ತೇ ಆಗಲಿಲ್ಲ ಅಂದರಂತೆ. ಒಂದು ಊರಿನಷ್ಟು ಜನ, ಒಂದು ಕಾಡಿನಷ್ಟು ಮರ, ಸಮುದ್ರದ ಮೇಲೆ ತೇಲುತ್ತಾ ಬಂದದ್ದು ಅವರಿಗೆ ಗೊತ್ತಾಗಲಿಲ್ಲ! ಕ್ಯಾಲೇಯಲ್ಲಿ ನೀರಿನ ಸೆಳೆತ ಜೋರು. ಒಚೋವಾ ಮಾವನ ಮನೆಯ ಲಂಗರನ್ನೂ ಇಳಿಸಿದ, ಅದರ ಜೊತೆಗೆ ಎರಡನೆಯದನ್ನೂ ಇಳಿಸಿದ. ಮೂರನೆಯದು ಸಣ್ಣದು, ಅದನ್ನು ಮೇಲಿಟ್ಟುಕೊಂಡ.

ಕತ್ತಲಲ್ಲಿ ಆಂಗ್ಲರು ಹಳೆಯ ಹಡಗುಗಳಿಗೆ ಬೆಂಕಿ ಹಚ್ಚಿ ಗಾಳಿಯ ಜೊತೆ ಇವರ ಮೇಲೆ ಬಿಟ್ಟರು. ಹೀಗಾಗಬಹುದೆಂದು ಸೇನಾಪತಿಯ ಅಪ್ಪಣೆ ಮೊದಲೇ ಬಂದಿತ್ತು: ಬೆಂಕಿ ಬಂದರೆ ಲಂಗರಿನ ಹಗ್ಗದ ತುದಿಗೆ ತೇಲುವ ಪೀಪಾಯಿ ಕಟ್ಟಿ ಬಿಡಿ, ಪಕ್ಕಕ್ಕೆ ಸರಿಯಿರಿ, ಬೆಳಗ್ಗೆ ಬಂದು ಪೀಪಾಯಿ ಹುಡುಕಿ ಎತ್ತಿಕೊಳ್ಳಿ. ಬೆಂಕಿ ನೋಡಿದ ಮೇಲೆ ಅಪ್ಪಣೆ ಯಾರಿಗೆ ನೆನಪಿರುತ್ತದೆ? ಸುತ್ತಮುತ್ತ ಎಲ್ಲ ಹಡಗುಗಳಲ್ಲೂ ಕೊಡಲಿಯ ಏಟು ಕೇಳಿಸತೊಡಗಿತು.

“ಯಜಮಾನ್ರೇ, ಕೊಡಲಿ ತಂದಿದೀನಿ!” ಪೆರುಚೋ ಓಡಿಬಂದ.

“ಕೊಡಲಿ ಅಲ್ಲಿಡೋ! ನನ್ನ ಹೆಂಡ್ತಿ ಲಂಗರದು. ಪೀಪಾಯಿ ತಗೊಂಡ್ ಬಾ.”

“ಬೆಂಕಿ ಬಂತು ಯಜಮಾನ್ರೇ!”

“ನಂಗೂ ಕಣ್ಣಿದೆ. ಪೀಪಾಯಿ ತಾ!”

ಬೆಂಕಿಯ ಹಡಗುಗಳು ಮುಖ ಸುಡುವಷ್ಟು ಹತ್ತಿರ ಬಂದವು. ಒಚೋವಾ ಅವಸರ ಮಾಡಲಿಲ್ಲ. ಒಂದು ಖಾಲಿ ಪೀಪಾಯಿ ತರಿಸಿ, ಎರಡೂ ಹಗ್ಗದ ತುದಿಯನ್ನು ಸೇರಿಸಿ ತನ್ನ ಕೈಯಾರೆ ಬಿಗಿದ. ಗುರುತು ಸಿಗಲೆಂದು ಒಂದು ಕೋಲು ನಿಲ್ಲಿಸಿ ತನ್ನ ಬಿಳಿ ಅಂಗಿಯನ್ನೇ ಕಟ್ಟಿದ. ಬಿಟ್ಟ. ಹಡಗು ಪಕ್ಕಕ್ಕೆ ಸರಿಯಿತು, ಬೆಂಕಿ ಆಚೆ ಹೋಯಿತು.

ಬೆಳಗಾದಾಗ ಇಡೀ ಪಡೆ ಚದುರಿಹೋಗಿತ್ತು. ಬೂದಿ ಬಣ್ಣದ ನೀರಿನ ಮೇಲೆ ದೂರದಲ್ಲಿ ಒಂದೇ ಒಂದು ಬಿಳಿ ಅಂಗಿ ಹಾರಾಡುತ್ತಿತ್ತು. ಬರಿಮೈಯಲ್ಲಿದ್ದ ಒಚೋವಾ ದೋನ್ ಗುತಿಯೆರೆಯನ್ನು ಕೈಹಿಡಿದು ಕರೆತಂದು ತೋರಿಸಿದ.

“ನೋಡಿ ದೊರೆ. ಎಲ್ಲರೂ ಹೆದರಿ ಕಡಿದು ಓಡಿದ್ರು. ನಂದು ಅಲ್ಲಿದೆ. ಖಲಾಸಿ ಅಂದ್ರೆ ಏನು ಅಂತ ಈಗ್ಲಾದ್ರೂ ತಿಳ್ಕೊಳ್ಳಿ.”

ದೋನ್ ಕಣ್ಣು ಕಿರಿದು ಮಾಡಿ ನೋಡಿದ. ಅಂಗಿ ಸ್ವಲ್ಪ ವಾಲಿತು. ಇನ್ನೂ ಸ್ವಲ್ಪ ವಾಲಿತು. ಆಮೇಲೆ ಯಾರೋ ಕೆಳಗಿನಿಂದ ಕರೆದ ಹಾಗೆ ತಣ್ಣಗೆ ಇಳಿದುಹೋಯಿತು.

“ಎಲ್ಲಿ?” ಅಂದ ದೋನ್.

“ಈಗ ತಾನೇ ಇತ್ತು” ಅಂದ ಒಚೋವಾ.

ರಾತ್ರಿಯೆಲ್ಲ ಹಸಿ ಹಲಗೆಯ ಸಂದಿನಲ್ಲಿ ನೀರು ತುಂಬಿತ್ತು, ಹಗ್ಗದ ಭಾರ ಉಳಿದ ಕೆಲಸ ಮಾಡಿತ್ತು. ದಿನಾ ಆ ಪೀಪಾಯಿಗಳನ್ನು ಒದ್ದು ಬೈದವನು ಅವನೇ. ಹೆಂಡತಿಯ ಲಂಗರನ್ನು ಅದೇ ಪೀಪಾಯಿಗೆ ಕಟ್ಟಿದವನೂ ಅವನೇ. ಕತ್ತಲಲ್ಲಿ ಹೆದರಿ ಕಡಿದವರಿಗೆ ಲಂಗರು ಎಷ್ಟು ಹೋಗಿತ್ತೋ, ಹೆದರದೆ ಅಚ್ಚುಕಟ್ಟಾಗಿ ಗಂಟು ಹಾಕಿದ ಅವನಿಗೂ ಅಷ್ಟೇ ಹೋಗಿತ್ತು. ಮೇಲೆ ಅಂಗಿಯೊಂದು ಹೆಚ್ಚಿಗೆ.

ಅವತ್ತು ದೊಡ್ಡ ಯುದ್ಧವಾಯಿತು. ಆಂಗ್ಲರು ಕಡೆಗೂ ಹತ್ತಿರ ಬಂದರು, ಆದರೆ ಭರ್ಜಿಗೆ ಎಟುಕುವಷ್ಟು ಹತ್ತಿರವಲ್ಲ. ಗಾಳಿ ತಿರುಗಿ ಪಡೆಯನ್ನೆಲ್ಲ ಉತ್ತರಕ್ಕೆ ಗುಡಿಸಿಕೊಂಡು ಹೋಯಿತು. ಸುತ್ತು ಹಾಕಿ ಊರಿಗೆ ಹೋಗಿ ಅಂತ ಅಪ್ಪಣೆಯಾಯಿತು. ಸುತ್ತು ಅಂದರೆ ಸ್ಕಾಟ್ಲೆಂಡಿನ ತಲೆ ದಾಟಿ, ಐರ್ಲೆಂಡಿನ ಆಚೆಯಿಂದ, ಚಳಿಯಲ್ಲಿ, ಹಸಿರು ನೀರು ಕುಡಿದುಕೊಂಡು. ಕುಡಿಯಲು ನೀರಿಲ್ಲ ಅಂತ, ಇಂಗ್ಲೆಂಡಿನಲ್ಲಿ ಇಳಿಸಲೆಂದು ತಂದಿದ್ದ ಕುದುರೆಗಳನ್ನು ಸಮುದ್ರಕ್ಕೆ ದೂಡಿದರು. ಕುದುರೆಗಳು ಬಹಳ ಹೊತ್ತು ಹಡಗಿನ ಹಿಂದೆ ಈಜಿಕೊಂಡು ಬಂದವು.

ಐರ್ಲೆಂಡಿನ ಹತ್ತಿರ ಬಿರುಗಾಳಿ ಎದ್ದಾಗ ಸಣ್ಣ ಲಂಗರೂ ಹೋಯಿತು, ಕಡ್ಡಿ ಮುರಿದ ಹಾಗೆ. ಬೇರೆ ಹಡಗುಗಳು ನೀರು ಹುಡುಕಿಕೊಂಡು ಕೊಲ್ಲಿಗಳಿಗೆ ನುಗ್ಗಿದವು. ನಿಲ್ಲುವುದಕ್ಕೆ ಲಂಗರಿಲ್ಲ, ಕ್ಯಾಲೇಯ ಕೆಸರಿನಲ್ಲಿ ಬಿಟ್ಟು ಬಂದಿದ್ದರು. ಗಾಳಿ ಒಂದೊಂದನ್ನೇ ಎತ್ತಿ ಬಂಡೆಗೆ ಬಡಿಯಿತು. ಒಚೋವಾ ಕಣ್ಣಾರೆ ಕಂಡ. ಜೊತೆಯಲ್ಲಿ ಹೊರಟ ಹಡಗು, ಹೆಸರು ಹಿಡಿದು ಕರೆಯಬಲ್ಲ ಜನ. ಅವನು ದಡದ ಆಸೆ ಬಿಟ್ಟು ಚುಕ್ಕಾಣಿಯನ್ನು ಆಳ ಸಮುದ್ರದ ಕಡೆ ತಿರುಗಿಸಿದ. ಆಮೇಲೆ ಫಿರಂಗಿಯ ಹತ್ತಿರ ಬಂದ.

“ದೊರೆ, ಏಳಿ. ಹಡಗು ಮಗುಚತ್ತೆ. ಇದನ್ನು ಎಸೀಬೇಕು.”

ದೋನ್ ಫಿರಂಗಿಯ ಮೇಲೆ ಕುದುರೆ ಹತ್ತಿದಂತೆ ಕೂತು ಮೀನಿನ ಹಿಡಿ ಹಿಡಿದುಕೊಂಡಿದ್ದ. ಜ್ವರದಲ್ಲಿ ಕಣ್ಣು ಒಳಗೆ ಹೋಗಿತ್ತು.

“ಆಣೆ ಮಾಡಿದೀನಿ. ಎಸೆಯೋದಾದ್ರೆ ನನ್ನನ್ನೂ ಸೇರಿಸಿ ಎಸಿ.”

“ಎಸೀತೀನಿ. ಪೆರುಚೋ, ಕಾಲು ಹಿಡಿಯೋ ಇವರದು.”

“ಯಜಮಾನ್ರೇ, ಗಲ್ಲಿಗೆ ಹಾಕ್ತಾರೆ” ಅಂದ ಪೆರುಚೋ.

“ಯಾರು ಹಾಕ್ತಾರೋ? ಇಲ್ಲಿ ಯಾರಿದಾರೆ?”

“ಊರಿಗೆ ಹೋದ ಮೇಲೆ.”

ಊರಿಗೆ ಹೋದ ಮೇಲೆ! ಅಷ್ಟು ದಿನ ಆ ಹಡಗಿನಲ್ಲಿ ಯಾರೂ ಆ ಮಾತು ಆಡಿರಲಿಲ್ಲ. ಒಚೋವಾ ಉಗುಳಿ, ಚುಕ್ಕಾಣಿಗೆ ವಾಪಸು ಹೋದ. ಹಡಗು ಮಗುಚಲಿಲ್ಲ. ಅದು ಅವನ ಅಜ್ಜನ ಓಕ್ ಮರದ ಗುಣ, ದೋನ್ ಗುತಿಯೆರೆಯ ಆಣೆಯ ಗುಣವಲ್ಲ.

ಒಂದು ಮಧ್ಯಾಹ್ನ ಮಂಜು ಸರಿದಾಗ ಪೆರುಚೋ ಅಳತೊಡಗಿದ. ಎದುರಿಗೆ ಮುತ್ರಿಕುವಿನ ಹಿಂದಿನ ಬೆಟ್ಟ. ಅದರ ಕೆಳಗೆ ಬಂದರು. ಮಚೀನನ ಕುಲುಮೆಯ ಹೊಗೆ ಕೂಡ ಕಾಣಿಸಿತು. ಅರ್ಧಕ್ಕರ್ಧ ಜನ ಸತ್ತಿದ್ದರು, ಉಳಿದವರಲ್ಲಿ ಅರ್ಧ ಜನ ಏಳುವ ಹಾಗಿರಲಿಲ್ಲ. ಹಾಯಿಗಳು ಚಿಂದಿ. ಆದರೂ ಊರು ಬಂತು.

ಬಂದದ್ದೇ ತೊಂದರೆಯಾಯಿತು. ಗಾಳಿ ಸಮುದ್ರದಿಂದ ದಡದ ಕಡೆ ನೇರ ಬೀಸುತ್ತಿತ್ತು. ಬಂದರಿನ ಬಾಯಿ ಕಿರಿದು, ಎಡಕ್ಕೆ ಬಲಕ್ಕೆ ಬಂಡೆ. ತಿರುಗಿಸಿ ಒಳಗೆ ಒಯ್ಯಲು ಹಾಯಿ ಬೇಕು, ಹಾಯಿ ಎಳೆಯಲು ಆಳು ಬೇಕು. ಎರಡೂ ಇಲ್ಲದಿದ್ದರೆ ಹೊರಗೇ ಲಂಗರು ಹಾಕಿ ನಿಂತು, ಊರಿನ ದೋಣಿಗಳು ಬಂದು ಎಳೆದುಕೊಂಡು ಹೋಗುವವರೆಗೆ ಕಾಯಬೇಕು. ಎಷ್ಟೋ ವರ್ಷಗಳಿಂದ ಅವನು ಮಾಡಿದ್ದು ಅದನ್ನೇ. ಈಗ ಲಂಗರಿಲ್ಲ. ಹಡಗು ತನ್ನ ಮನೆಯ ಕಡೆಗೇ, ತನ್ನ ಊರಿನ ಬಂಡೆಯ ಕಡೆಗೇ, ನಿಲ್ಲದೆ ಸಾಗುತ್ತಿತ್ತು.

ದಡದಲ್ಲಿ ಜನ ಸೇರಿದರು. ದೋಣಿ ನೀರಿಗೆ ಇಳಿಸುತ್ತಿರುವುದು ಕಂಡಿತು. ಆದರೆ ದೋಣಿ ಬರುವ ಹೊತ್ತಿಗೆ ಹಡಗು ಇರುವುದಿಲ್ಲ ಅಂತ ಒಚೋವಾ ಲೆಕ್ಕ ಹಾಕಿದ.

“ಗುಂಡುಗಳು!” ಅಂದ. ಹಡಗಿನ ಫಿರಂಗಿಯ ಕಬ್ಬಿಣದ ಗುಂಡುಗಳು ಬೇಕಾದಷ್ಟು ಉಳಿದಿದ್ದವು, ಒಂದು ಸಲ ಹಾರಿಸಿ ಭರ್ಜಿ ಹಿಡಿದು ನಿಂತವರ ಕೃಪೆಯಿಂದ. ಬಲೆಯಲ್ಲಿ ತುಂಬಿ ಹಗ್ಗ ಕಟ್ಟಿ ಇಳಿಸಿದರು. ಹಗ್ಗ ಬಿಗಿಯಾಯಿತು, ಬಲೆ ಹರಿಯಿತು, ಹಗ್ಗ ಸಡಿಲವಾಯಿತು. ಅಡುಗೆ ಒಲೆಯ ಕಲ್ಲುಗಳನ್ನು ಕಟ್ಟಿ ಇಳಿಸಿದರು. ಹಡಗಿಗೆ ಗೊತ್ತೂ ಆಗಲಿಲ್ಲ. ಬಂಡೆಗೆ ಬಡಿಯುವ ನೀರಿನ ಸದ್ದು ಕೇಳತೊಡಗಿತು. ಒಚೋವಾ ಚುಕ್ಕಾಣಿಯ ಮರವನ್ನು ತಬ್ಬಿಕೊಂಡು ನಿಂತ. ಬೈಯುವುದಕ್ಕೂ ಏನೂ ಉಳಿದಿರಲಿಲ್ಲ.

“ಲೋ ಒಚೋವಾ” ಅಂತ ಕರೆದ ಧ್ವನಿ ಕೇಳಿಸಿತು. ದೋನ್ ಗುತಿಯೆರೆ ಅಟ್ಟದ ನಡುವೆ ಫಿರಂಗಿಗೆ ಒರಗಿ ಕೂತಿದ್ದ. ಎಲುಬು ಚಕ್ಕಳವಾಗಿದ್ದ. “ಲಂಗರು ಅಂದ್ರೆ ಏನು? ಭಾರ ತಾನೇ? ಕೆಳಗೆ ಹೋಗಿ ಎಲ್ಲಾದ್ರೂ ಸಿಕ್ಕಿಕೊಳ್ಳಬೇಕು, ಅಷ್ಟೇ ತಾನೇ?”

“ಹೌದು ದೊರೆ. ಅದಕ್ಕೇನೀಗ?”

“ಇದಕ್ಕೆ ಹಗ್ಗ ಕಟ್ಟಿದ್ರೆ ಆಗಲ್ವಾ?”

ಒಚೋವಾ ಫಿರಂಗಿ ನೋಡಿದ, ದೋನ್ ಮುಖ ನೋಡಿದ, ಮತ್ತೆ ಫಿರಂಗಿ ನೋಡಿದ. ಇಡೀ ಪ್ರಯಾಣದುದ್ದಕ್ಕೂ ಅದನ್ನು ನೀರಿಗೆ ಎಸೆಯಬೇಕು, ಎಸೆಯಬೇಕು ಅಂತ ಬಡಿದಾಡಿದವನು ಅವನು. ಹಗ್ಗ ಕಟ್ಟಿ ಎಸೆಯಬಹುದು ಅಂತ ಒಂದು ದಿನವೂ ಹೊಳೆದಿರಲಿಲ್ಲ. ಸಿಟ್ಟು ಅಷ್ಟಿತ್ತು.

“ಮತ್ತೆ ನಿಮ್ಮ ಆಣೆ?” ಅಂದ.

“ವಾಪಸು ತರ್ತೀನಿ ಅಂತ ಆಣೆ. ಎಸೆದ್ರೆ ತಪ್ಪು. ಇದು ಇಳಿಸೋದು. ಹಗ್ಗ ಇರತ್ತಲ್ಲ.”

ವಾದ ಮಾಡುವ ಹೊತ್ತಲ್ಲ. ಒಚೋವಾ ತಾನೇ ಕೊಡಲಿ ತೆಗೆದುಕೊಂಡು ಹಡಗಿನ ಪಕ್ಕದ ಕಟಕಟೆಯನ್ನು ಕಡಿದ. ಉಳಿದಿದ್ದ ದಪ್ಪ ಹಗ್ಗವನ್ನು ಪೆರುಚೋ ಎರಡು ಮೀನುಗಳ ಹಿಡಿಯಲ್ಲೂ ತೂರಿಸಿ, ಫಿರಂಗಿಯ ಕುತ್ತಿಗೆಗೂ ಸುತ್ತಿ ಬಿಗಿದ. ಹಲಗೆ ಹಾಸಿ, ಯಾರೂ ತಿನ್ನಲಾಗದೆ ಉಳಿದಿದ್ದ ಹಂದಿಕೊಬ್ಬನ್ನು ಅದರ ಮೇಲೆ ದಪ್ಪಗೆ ಬಳಿದರು. ಆ ಪೀಪಾಯಿಗಳಿಂದ ಆದ ಒಂದೇ ಉಪಕಾರ ಅದು. ಸಿಪಾಯಿಗಳು ಭರ್ಜಿಗಳನ್ನು ಸನ್ನೆಗೋಲು ಮಾಡಿಕೊಂಡು ಫಿರಂಗಿಯ ಕೆಳಗೆ ತುರುಕಿದರು. ಇಡೀ ದಂಡಯಾತ್ರೆಯಲ್ಲಿ ಭರ್ಜಿಗಳು ಕೆಲಸಕ್ಕೆ ಬಂದದ್ದು ಆಗಲೇ.

“ಹಡಗು ಆ ಕಡೆ ವಾಲಲಿ, ಆಗ ನೂಕಿ. ಮೊದಲೇ ನೂಕಿದ್ರೆ ಕಾಲು ಹೋಗತ್ತೆ” ಅಂದ ಒಚೋವಾ. ಹಡಗು ವಾಲಿತು. “ನೂಕ್ರೋ!”

ಲಂಡನ್ನಿನ ಕೋಟೆ ಒಡೆಯಬೇಕಾಗಿದ್ದ ಫಿರಂಗಿ ಹಂದಿಕೊಬ್ಬಿನ ಮೇಲೆ ಜಾರಿ, ರಾಜಲಾಂಛನ ಮೇಲೆ ಮಾಡಿಕೊಂಡು, ಮುತ್ರಿಕುವಿನ ನೀರಿಗೆ ಬಿತ್ತು. ಹಗ್ಗ ಹೊಗೆಯಾಡುತ್ತ ಓಡಿತು. ನಿಂತಿತು. ಹಡಗು ನಿಲ್ಲಲಿಲ್ಲ. ಕೆಳಗೆ ಫಿರಂಗಿ ಮರಳಿನಲ್ಲಿ ಉಳುತ್ತಾ ಬರುತ್ತಿರುವುದು ಕಾಲಿನ ಕೆಳಗೆ ತಿಳಿಯುತ್ತಿತ್ತು. ಪೆರುಚೋ ಕಣ್ಣು ಮುಚ್ಚಿಕೊಂಡ. ದೋನ್ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಒಚೋವಾ ಬಂಡೆಯ ಮೇಲಿನ ಪಾಚಿ ನೋಡುತ್ತಿದ್ದ. ಚಿಕ್ಕಂದಿನಲ್ಲಿ ಆ ಬಂಡೆಯ ಮೇಲೆ ಕೂತು ಗಾಳ ಹಾಕುತ್ತಿದ್ದ.

ಆಗ ಒಂದು ಜಗ್ಗು ಬಂತು. ನಿಂತಿದ್ದವರೆಲ್ಲ ಬಿದ್ದರು. ಫಿರಂಗಿ ಎರಡು ಬಂಡೆಗಳ ಸಂದಿಗೆ ಸಿಕ್ಕಿಕೊಂಡಿತ್ತು. ಹಗ್ಗ ವೀಣೆಯ ತಂತಿಯಂತೆ ಬಿಗಿದು, ನೀರು ಹಿಂಡಿ, ನಿಂತಿತು. ಹಡಗು ಮೂತಿ ತಿರುಗಿಸಿ ಗಾಳಿಗೆ ಎದುರಾಗಿ ನಿಂತಿತು.

“ಇಳಿಸಿದ್ದು” ಅಂದ ದೋನ್. “ಎಸೆದದ್ದಲ್ಲ.”

“ಇಳಿಸಿದ್ದು, ದೊರೆ” ಅಂದ ಒಚೋವಾ. ಅವನು ಆ ಮನುಷ್ಯನ ಮಾತಿಗೆ ಹೂಂಗುಟ್ಟಿದ್ದು ಅದೇ ಮೊದಲು.

ದೋಣಿಗಳು ಬಂದವು. ಹುಟ್ಟು ಹಾಕುತ್ತಿದ್ದವರು ಹೆಂಗಸರು. ಗಂಡಸರೆಲ್ಲ ರಾಜನ ಹಡಗುಗಳಲ್ಲಿ ಹೋಗಿದ್ದರಲ್ಲ. ಮುಂದಿನ ದೋಣಿಯ ಮೂತಿಯಲ್ಲಿ ದೊಮೆಂಜಾ. ಅವಳು ಗಂಡನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

“ನೀನೇ ಏನೋ ಅದು?”

“ನಾನೇ ಕಣೇ.”

ಅವಳು ಬರಿ ತೋಳಿನಲ್ಲೇ ಮುಖ ಒರೆಸಿಕೊಂಡಳು. ಸಮುದ್ರದ ನೀರು ಹಾರಿರಬಹುದು. ಆಮೇಲೆ ಅವಳ ಕಣ್ಣು ಬಿಗಿದು ನಿಂತ ಹಗ್ಗದ ಮೇಲೆ ಬಿತ್ತು.

“ಲಂಗರು ಹಾಕಿದೀಯಾ?”

“ಹಾಕಿದೀನಿ.”

“ನಮ್ಮಪ್ಪಂದಾ?”

“ಅಲ್ಲ” ಅಂದ ಒಚೋವಾ. “ರಾಜಂದು.”

“ನಮ್ಮಪ್ಪಂದು ಎಲ್ಲಿ?”

“ಫ್ರಾನ್ಸಲ್ಲಿ.”

“ಅಲ್ಲಿ ಯಾಕೆ?”

“ಗುರುತಿಗೆ ಪೀಪಾಯಿ ಕಟ್ಟಿ ಬಿಟ್ಟಿದ್ದೆ.”

“ಯಾವ ಪೀಪಾಯಿ?”

ಒಚೋವಾ ಕೈ ತೋರಿಸಿದ. ಹಡಗಿನ ಬದಿಯಲ್ಲಿ ಒಂದು ಖಾಲಿ ಪೀಪಾಯಿ ನಿಂತಿತ್ತು. ಹಲಗೆಯ ಸಂದಿನಲ್ಲಿ ಅಣಬೆ ಎದ್ದಿತ್ತು. ದೊಮೆಂಜಾ ಅದನ್ನು ನೋಡಿದಳು. ಕಮ್ಮಾರನ ಮಗಳು, ಪೀಪಾಯಿಗೆ ಪಟ್ಟಿ ಹಾಕುವುದನ್ನು ನೋಡುತ್ತಲೇ ಬೆಳೆದವಳು. ಗಂಡನ ಕಡೆ ತಿರುಗಿ ಒಂದು ನೋಟ ನೋಡಿದಳು. ಅದು ಬೈಗುಳಕ್ಕಿಂತ ಜೋರಾಗಿತ್ತು.

ಈಗ ಎಳೆದುಕೊಂಡು ಹೋಗಬೇಕು. ಫಿರಂಗಿಯನ್ನು ಮೇಲೆತ್ತುವ ಶಕ್ತಿ ಯಾರಿಗೂ ಇರಲಿಲ್ಲ. ಹಗ್ಗವನ್ನು ಇಲ್ಲೇ ಬಿಡಬೇಕು. ದೋನ್ ಎದ್ದು ನಿಂತ.

“ಗುರುತು ಕಟ್ಟದೆ ಬಿಡಕೂಡದು. ಆಣೆ ಇದೆ. ಪೀಪಾಯಿ ಕಟ್ಟು.”

ಪೆರುಚೋ ಅಭ್ಯಾಸಬಲದಿಂದ ಅಣಬೆ ಎದ್ದ ಪೀಪಾಯಿಯ ಕಡೆ ಕೈ ಚಾಚಿದ. ಒಚೋವಾ ಅವನ ಕೈಗೆ ಫಟ್ಟನೆ ಹೊಡೆದ.

“ತಗೋ” ಅಂದಳು ದೊಮೆಂಜಾ. ಹಡಗಿನವರಿಗೆ ಕುಡಿಯಲೆಂದು ದೋಣಿಯಲ್ಲಿ ತಂದಿದ್ದ ಸೇಬಿನ ಹೆಂಡದ ಸಣ್ಣ ಪೀಪಾಯಿ. ಅವಳ ಅಜ್ಜನ ಕಾಲದ್ದು, ಕಪ್ಪಗೆ, ಕಲ್ಲಿನಂತೆ ಒಣಗಿದ ಮರ. “ಮೊದಲು ಖಾಲಿ ಮಾಡಿ. ಆಮೇಲೆ ಕಟ್ಟು. ಗಂಟು ನಾನು ನೋಡ್ತೀನಿ.”

ಖಾಲಿ ಮಾಡಲು ಹೊತ್ತು ಹಿಡಿಯಲಿಲ್ಲ. ಕಟ್ಟಿದ. ಅವಳು ಗಂಟು ನೋಡಿದಳು. ಬಿಟ್ಟರು.

ಕಟ್ಟೆಯ ಮೇಲೆ ಮುದುಕ ಮಚೀನ್ ನಿಂತಿದ್ದ. ಮಗಳು ಕಿವಿಯಲ್ಲಿ ಹೇಳಿದ್ದನ್ನು ಕೇಳಿದ. ಹಡಗನ್ನು ಮೂತಿಯಿಂದ ಬಾಲದವರೆಗೆ ನೋಡಿದ. ಅಳಿಯನನ್ನು ನೋಡಿದ.

“ಹಡಗು ಬಂತಲ್ಲ” ಅಂದ. “ಲಂಗರು ಹೊಸದು ಬಡೀಬೋದು. ನಂಗೆ ವಯಸ್ಸಾಯ್ತು, ತಿದಿ ಒತ್ತೋಕೆ ಆಳು ಬೇಕು.”

“ಯಾವಾಗಿಂದ, ಮಾವ?”

“ಉಂಡು ಬಾ.”

ಆ ಚಳಿಗಾಲವಿಡೀ ಒಚೋವಾ ತಿದಿ ಒತ್ತಿದ. ಬೇಸಿಗೆಯಲ್ಲಿ ಸಾನ್ ಪ್ರುದೆನ್ಸಿಯೊ ಕಬ್ಬಿಣ ಹೇರಿಕೊಂಡು ಹೊರಟಾಗ ಅದರ ಮೂತಿಯಲ್ಲಿ ಹೊಸ ಲಂಗರಿತ್ತು, ಬಂದರಿನಿಂದ ಹೊರಡುವ ಮುನ್ನ ಪಾದ್ರಿ ತೀರ್ಥವನ್ನೂ ಚಿಮುಕಿಸಿದ್ದರು. ದೋನ್ ಗುತಿಯೆರೆ ತನ್ನ ಗೋಧಿ ಸೀಮೆಗೆ ಹೋಗುವಾಗ, ಫಿರಂಗಿ ಎತ್ತಿಸಿಕೊಳ್ಳಲು ಜನ ಕಳಿಸುತ್ತೇನೆ ಅಂದಿದ್ದ. ಇನ್ನೂ ಯಾರೂ ಬಂದಿಲ್ಲ. ಬಂದರಿನ ಬಾಯಿಯಲ್ಲಿ ಕಪ್ಪು ಪೀಪಾಯಿ ಇವತ್ತಿಗೂ ತೇಲುತ್ತಿದೆ. ಮೀನಿನ ದೋಣಿಯವರು ಅದಕ್ಕೆ ದೋಣಿ ಕಟ್ಟಿ ಬುತ್ತಿ ಬಿಚ್ಚುತ್ತಾರೆ. ಹೆಂಡದಂಗಡಿಯ ಕಿಟಕಿಯಿಂದ ಅದು ಚೆನ್ನಾಗಿ ಕಾಣುತ್ತದೆ. ಒಚೋವಾ ಯಾವಾಗಲೂ ಆ ಕಿಟಕಿಗೆ ಬೆನ್ನು ಮಾಡಿ ಕೂರುತ್ತಾನೆ.